ಹಿಡಿ

ಮಂಗಳವಾರ ಸಂಜೆ ಆರೂವರೆ. ಲಾಂಗ್ಟನ್ನಿನ
ಹಳೆಯ ಚ್ಯಾಪೆಲ್ಲಿನ ಹಿಂಬದಿಯ ಹಾಲು.
ಬಾಗಿಲು ತೆರೆದರೆ ಮೊದಲು ಒದ್ದೆ ಮಣ್ಣಿನ ತಂಪು,
ಆಮೇಲೆ ಟೀ ವಾಸನೆ, ಆಮೇಲೆ ಎನಿಡ್:
‘ಒಳಗೆ ಬಾ ಡಕ್, ಕದ ಹಾಕಿಕೋ,
ಗಾಳಿಗೆ ಬಿರಿಯುತ್ತವೆ.’
ಈ ಊರಲ್ಲಿ ಬಸ್ಸಿನ ಚಾಲಕ, ಮೇಯರು, ಕೈಗೂಸು
ಎಲ್ಲರೂ ಬಾತುಕೋಳಿಗಳೇ.

ಇಬ್ಬರು ಕಲಿಸುತ್ತಾರೆ ನಮಗೆ.
ರೋವನ್ ಕಲಾಶಾಲೆಯವನು, ಮೂವತ್ತನಾಲ್ಕು,
ಚಕ್ರದ ಮೇಲೆ ಮಣ್ಣು ಅವನ ಮಾತು ಕೇಳುತ್ತದೆ,
ಗ್ಲೇಜಿನ ಲೆಕ್ಕವೆಲ್ಲ ಬಾಯಿಪಾಠ.
ಅವನ ಹೂಜಿಯೊಂದು ಎಲ್ಲೋ ಗಾಜಿನ ಪೆಟ್ಟಿಗೆಯಲ್ಲಿದೆಯಂತೆ,
ಇನ್ನೂ ನೀರು ಕಂಡಿಲ್ಲ.

ಎನಿಡ್‌ಗೆ ಎಪ್ಪತ್ತೆಂಟು. ಕಾರ್ಖಾನೆಯವಳು.
ಹದಿನೈದಕ್ಕೆ ಸೇರಿ ಮೂವತ್ತೊಂದು ವರ್ಷ
ಕಪ್ಪಿಗೆ ಹಿಡಿ ಅಂಟಿಸಿದಳು.
ಹಿಡಿ ಮಾತ್ರ.
ಕಪ್ಪು ಬರುತ್ತಿತ್ತು ಆ ಬದಿಯಿಂದ, ಉದ್ದ ಹಲಗೆಯ ಮೇಲೆ,
ಹೋಗುತ್ತಿತ್ತು ಈ ಬದಿಗೆ.
ತಿರುಗಿಸಿದವರು ಯಾರೋ, ಹೂ ಬರೆದವರು ಯಾರೋ.
ದಿನಕ್ಕೆ ಎಪ್ಪತ್ತು ಡಜನ್. ಬಿರುಕಿಗೆ ಕೂಲಿಯಿಲ್ಲ.
ಒಂದು ಶುಕ್ರವಾರ ಗೇಟಿಗೆ ಬೀಗ.

ನನ್ನ ಪಕ್ಕದ ಕ್ಲೆಮ್ ಇಪ್ಪತ್ತು ವರ್ಷ
ನೆಲದಡಿ ಕಪ್ಪು ಅಗೆದವನು.
ಅವಳು ನೆಲದ ಮೇಲೆ ಕಪ್ಪಿಗೆ ಕಿವಿ ಕೊಟ್ಟವಳು.
ಹೊರಗೆ ರಸ್ತೆಯಾಚೆ ಶೀಶೆಯಂಥ ದೊಡ್ಡ ಆವಿಗೆ,
ಈಗ ಅದರ ತುಂಬ ಪಾರಿವಾಳ.

‘ಹಸುವಿನ ಕೆಚ್ಚಲು ಹಿಂಡಿದಂತೆ ಎಳೆಯಿರಿ’
ಅನ್ನುತ್ತಾನೆ ರೋವನ್, ಹಸುವನ್ನು ರೈಲಿನಿಂದ ಕಂಡವನು.
ಎನಿಡ್ ಹಾಗೆಲ್ಲ ಹೇಳುವುದಿಲ್ಲ.
‘ಹಿಡಿ ಅಂದರೆ ಅಲಂಕಾರವಲ್ಲ ಡಕ್.
ಬೆಳಗಿನ ಐದಕ್ಕೆ ಯಾರೋ ನಿದ್ದೆಗಣ್ಣಲ್ಲಿ
ಕೈ ಚಾಚುವ ಜಾಗ.
ಗೀರು, ಲೋಳೆ ಸವರು, ಒತ್ತು, ಬಿಟ್ಟುಬಿಡು.
ಎರಡರ ತೇವವೂ ಒಂದೇ ಇರಬೇಕು.
ಒಂದು ಹಸಿ ಒಂದು ಒಣಗಲು ಆದರೆ
ಎಷ್ಟು ಒತ್ತಿದರೂ ಅಗಲುತ್ತದೆ.’
‘ಇದನ್ನು ಮೊದಲೇ ಹೇಳಬಾರದಿತ್ತೆ’ ಅಂದ ಕ್ಲೆಮ್,
ಎರಡು ಸಲ ವಿಚ್ಛೇದನ ಆದವನು.

ಫೆಬ್ರವರಿಯಲ್ಲಿ ಹೊಸದಾಗಿ ಬಂದ ನುಸ್ರತ್ ಕೇಳಿದಳು:
‘ನೀವೇ ಮಾಡಿದ ಕಪ್ಪು ಒಂದು ತೋರಿಸಿ.’
ಸಿಂಕಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.
ಎನಿಡ್ ಏಪ್ರನ್ನಿಗೆ ಕೈ ಒರೆಸಿಕೊಂಡಳು,
ಒಣಗಿದ್ದ ಕೈಯನ್ನು.

ಆ ರಾತ್ರಿ ನೆಲ ಒರೆಸುವ ಸರದಿ ನನ್ನದು,
ಅದಕ್ಕೇ ಕಂಡೆ: ಅವಳು ಚಕ್ರದ ಮುಂದೆ ಕೂತದ್ದು,
ಕೋಟು ಹಾಕಿಕೊಂಡೇ.
ಐದು ಸಲ ಮಣ್ಣು ಕುಸಿಯಿತು.
ಆರನೆಯದು ನಿಂತಿತು.
ನಮ್ಮದನ್ನು ಸೀಳುವಂತೆಯೇ ರೋವನ್ ಅದನ್ನೂ ಸೀಳಿದ,
ಗೋಡೆಯ ದಪ್ಪ ತೋರಿಸಲು.
ಕುಂಬಾರಗೆ ವರುಷ, ದೊಣ್ಣೆಗೆ ನಿಮಿಷ.
ತಂತಿಗೆ ಅಷ್ಟೂ ಬೇಡ.
‘ತಳ ದಪ್ಪ’ ಅಂದ, ತುಸು ಹೆದರಿ.
‘ನನ್ನದೂ ಅಷ್ಟೇ’ ಅಂದಳು, ‘ಇನ್ನೊಂದು ಉಂಡೆ ಕೊಡು.’

ಏಪ್ರಿಲಿನಲ್ಲಿ ಸುಟ್ಟು ಬಂತು.
ಬೂದುಬಣ್ಣ, ಒಂದು ಕಡೆ ವಾಲು.
ಹಿಡಿ ಇರಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ.
ಎರಡೂ ಅಂಗೈಯಲ್ಲಿ ಹಿಡಿದು ಕುಡಿದಳು,
ಬಿಸಿಗೆ ಬೈಯುತ್ತ.

ಈ ಊರಿನವರು ಎಲ್ಲಿ ಉಣ್ಣಲು ಕೂತರೂ
ತಟ್ಟೆ ಮಗುಚಿ ನೋಡುತ್ತಾರೆ,
ತಳದಲ್ಲಿ ಯಾವ ಕಾರ್ಖಾನೆಯ ಮುದ್ರೆ ಎಂದು.
ಎನಿಡ್ ಮಗುಚುವುದಿಲ್ಲ.
ಹಿಡಿಯ ಕೆಳಗಿನ ಬೆಸುಗೆಗೆ ಬೆರಳು ಇಡುತ್ತಾಳೆ.
ಒಮ್ಮೆ ಚಾರಿಟಿ ಅಂಗಡಿಯಲ್ಲಿ, ಐವತ್ತು ಪೆನ್ನಿಯ ಕಪ್ಪು ಎತ್ತಿ:
‘ಇದು ಎಡ್ನಾ ಕೈ. ಎಡಗಡೆ ಜಾಸ್ತಿ ಒತ್ತುತ್ತಿದ್ದಳು.
ಎರಡನೇ ಬಸುರಿಯಿದ್ದಾಗಿನದು ಇರಬೇಕು,
ಆಗ ಬೆರಳು ಊದಿತ್ತು.’

ನಿನ್ನೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ
ನನ್ನ ಟೀ ಆರುತ್ತಿತ್ತು.
ಹಿಡಿಯ ಕೆಳಗೆ ಬೆರಳು ಇಟ್ಟೆ.
ಏನೂ ತಿಳಿಯಲಿಲ್ಲ. ನುಣುಪು, ಅಷ್ಟೆ.
ಇನ್ನೊಮ್ಮೆ ಸವರಿದೆ.